ಸಜ್ಜಿಗೆಯಿಂದ ಅಕ್ಷರ ದಾಸೋಹದವರೆಗೆ



ಬೀಜಾಡಿಯಂತಹ ಕಡಲತಡಿಯ ಊರುಗಳಲ್ಲಿ ಅನೇಕ ಮಕ್ಕಳು ಬೆಳಗಿನ ಕುಚ್ಚಲಕ್ಕಿ ಗಂಜಿಯ ಬಲದಲ್ಲೇ ಶಾಲೆಗೆ ಬರುತ್ತಿದ್ದರು. 1970ರ ದಶಕದಲ್ಲಿ ರಾಜ್ಯದ ಶಾಲೆಗಳಲ್ಲಿ ಬಡಿಸುತ್ತಿದ್ದ, ಅಮೆರಿಕದ ‘ಕೇರ್’ ಸಂಸ್ಥೆ ಒದಗಿಸಿದ ಗೋಧಿಯ ಸಜ್ಜಿಗೆಯನ್ನು ನನ್ನ ವಯಸ್ಸಿನವರು ಮರೆತಿರಲಾರರು.

1995ರ ಕೇಂದ್ರ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯ. ಆದರೆ ಮನೆಗೆ ಹೋದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ತಟ್ಟೆಗೆ ಬಿದ್ದ ಅನ್ನ ಮಾತ್ರ ಮಗುವಿನದು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು 2003ರಲ್ಲಿ ನಮ್ಮ ಕಡೆಗೂ, 2007–08ರಲ್ಲಿ ಪ್ರೌಢಶಾಲೆಗಳಿಗೂ ಬಂತು.

2013ರಲ್ಲಿ ಹಾಲು, ಅನಂತರ ಮೊಟ್ಟೆ. ಮೊಟ್ಟೆಗೆ ಎದ್ದ ವಿರೋಧ ನನಗೆ ಒಪ್ಪಿಗೆಯಾಗಲಿಲ್ಲ, ಬೇಡದವರಿಗೆ ಬಾಳೆಹಣ್ಣಿದೆಯಲ್ಲ! ಸಾಂಬಾರಿನ ತರಕಾರಿಯನ್ನು ತಟ್ಟೆಯಂಚಿಗೆ ಸರಿಸುವವರಂತೂ ಎಲ್ಲ ತಂಡಗಳಲ್ಲೂ ಇದ್ದರು. ಅವರ ಮಕ್ಕಳೂ ಈಗ ಹಾಗೆಯೇ ಸರಿಸುತ್ತಿದ್ದಾರೆಂದು ಕೇಳಿದ್ದೇನೆ.