ಡಿ.ಎನ್.ಎ. ಬೆರಳಚ್ಚು

ಡಿ.ಎನ್.ಎ. ಬೆರಳಚ್ಚು ಎಂಬುದು ಜೀವಕೋಶಗಳಿಂದ ಡಿ.ಎನ್.ಎ.ಯನ್ನು ಪ್ರತ್ಯೇಕಿಸಿ, ಅದರ ಆಯ್ದ ಭಾಗಗಳನ್ನು ಪರೀಕ್ಷಿಸಿ, ಅದು ಯಾವ ವ್ಯಕ್ತಿಗೆ ಸೇರಿದ್ದೆಂದು ಗುರುತಿಸುವ ಪ್ರಯೋಗಾಲಯ ವಿಧಾನವಾಗಿದೆ. ಇದಕ್ಕೆ ಡಿ.ಎನ್.ಎ. ಪ್ರೊಫೈಲಿಂಗ್ ಎಂಬ ಹೆಸರೂ ಉಂಟು. ಕೈಬೆರಳಿನ ಗೆರೆಗಳಿಗೂ ಈ ವಿಧಾನಕ್ಕೂ ನೇರವಾದ ಸಂಬಂಧವಿಲ್ಲ. ಬೆರಳಿನ ಅಚ್ಚಿನಂತೆ ಇದೂ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುವುದರಿಂದ ಈ ಹೆಸರು ಬಂದಿದೆ. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಲೆಕ್ ಜೆಫ್ರೀಸ್ ಇದನ್ನು 1984ರಲ್ಲಿ ಕಂಡುಹಿಡಿದರು. ಅಪರಾಧಗಳ ತನಿಖೆ, ತಂದೆ-ತಾಯಿ ಯಾರೆಂಬ ನಿರ್ಣಯ, ದುರಂತಗಳಲ್ಲಿ ಮಡಿದವರ ಗುರುತಿಸುವಿಕೆ ಮೊದಲಾದ ಸಂದರ್ಭಗಳಲ್ಲಿ ಈ ವಿಧಾನವನ್ನು ಬಳಸಲಾಗುತ್ತದೆ.

ತತ್ತ್ವ

ಡಿ.ಎನ್.ಎ. ಎರಡು ಎಳೆಗಳು ಸುರುಳಿಯಾಗಿ ಹೆಣೆದುಕೊಂಡಿರುವ ಒಂದು ಉದ್ದನೆಯ ಅಣು. ಈ ರಚನೆಯನ್ನು 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ನಿರೂಪಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಚಿತ್ರಗಳು ಅದಕ್ಕೆ ಮುಖ್ಯ ಆಧಾರಗಳಾಗಿದ್ದವು. ಅಡಿನೀನ್, ಥೈಮೀನ್, ಗ್ವಾನೀನ್ ಮತ್ತು ಸೈಟೋಸೀನ್ ಎಂಬ ನಾಲ್ಕು ಪ್ರತ್ಯಾಮ್ಲಗಳು ಈ ಅಣುವಿನ ಅಕ್ಷರಗಳಿದ್ದಂತೆ. ಒಂದು ಎಳೆಯ ಅಡಿನೀನ್ ಎದುರಿನ ಎಳೆಯ ಥೈಮೀನ್‌ನೊಡನೆಯೂ, ಗ್ವಾನೀನ್ ಸೈಟೋಸೀನ್‌ನೊಡನೆಯೂ ಜೋಡಿಯಾಗುತ್ತದೆ. ಆದುದರಿಂದ ಒಂದು ಎಳೆ ತಿಳಿದರೆ ಇನ್ನೊಂದು ಎಳೆ ತಾನಾಗಿಯೇ ತಿಳಿಯುತ್ತದೆ. ಮುಂದೆ ವಿವರಿಸುವ ಪ್ರತಿ ತೆಗೆಯುವ ವಿಧಾನವೂ ಈ ಗುಣವನ್ನೇ ಅವಲಂಬಿಸಿದೆ.

ಮಾನವನ ಅನುವಂಶಿಕ ಸಾಮಗ್ರಿಯಲ್ಲಿ ಸುಮಾರು 300 ಕೋಟಿ ಪ್ರತ್ಯಾಮ್ಲ ಜೋಡಿಗಳಿವೆ. ಅದರಲ್ಲಿ ಶೇಕಡ 99ಕ್ಕೂ ಹೆಚ್ಚು ಭಾಗ ಎಲ್ಲ ಮನುಷ್ಯರಲ್ಲಿಯೂ ಒಂದೇ ತೆರನಾಗಿರುತ್ತದೆ. ಉಳಿದ ಅಲ್ಪ ಭಾಗದಲ್ಲಿಯೇ ಭಿನ್ನತೆ ಅಡಗಿದೆ. ವರ್ಣತಂತುಗಳ ಕೆಲವು ನಿರ್ದಿಷ್ಟ ತಾಣಗಳಲ್ಲಿ ಎರಡರಿಂದ ಆರು ಅಕ್ಷರಗಳ ಒಂದು ಚಿಕ್ಕ ಗುಂಪು ಮತ್ತೆ ಮತ್ತೆ ಪುನರಾವರ್ತನೆಯಾಗುತ್ತದೆ. ಈ ಪುನರಾವರ್ತನೆಯ ಸಂಖ್ಯೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ಉದಾಹರಣೆಗೆ, ಒಂದು ತಾಣದಲ್ಲಿ ತಂದೆಯಿಂದ ಬಂದ ಪ್ರತಿಯಲ್ಲಿ ಆ ಗುಂಪು 11 ಸಲ, ತಾಯಿಯಿಂದ ಬಂದ ಪ್ರತಿಯಲ್ಲಿ 14 ಸಲ ಇದ್ದರೆ, ಆ ವ್ಯಕ್ತಿಯ ಆ ತಾಣವನ್ನು 11, 14 ಎಂದು ದಾಖಲಿಸುತ್ತಾರೆ. ಇಂತಹ ಹಲವು ತಾಣಗಳ ಸಂಖ್ಯೆಗಳನ್ನು ಒಟ್ಟುಗೂಡಿಸಿದರೆ ದೊರೆಯುವ ಪಟ್ಟಿಯೇ ಆ ವ್ಯಕ್ತಿಯ ಡಿ.ಎನ್.ಎ. ಪ್ರೊಫೈಲ್. ಏಕರೂಪಿ ಅವಳಿಗಳ ಪ್ರೊಫೈಲ್ ಮಾತ್ರ ಒಂದೇ ಆಗಿರುತ್ತದೆ.

ವಿಧಾನ

ಮಾದರಿಯ ಸಂಗ್ರಹ

ರಕ್ತ, ಜೊಲ್ಲು, ವೀರ್ಯ, ಬುಡಸಹಿತ ಕೂದಲು, ಚರ್ಮ, ಮೂಳೆ, ಹಲ್ಲು ಇವುಗಳಿಂದ ಡಿ.ಎನ್.ಎ. ದೊರೆಯುತ್ತದೆ. ಮನುಷ್ಯನ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲದ ಕಾರಣ ರಕ್ತದಲ್ಲಿನ ಡಿ.ಎನ್.ಎ. ಬಿಳಿ ರಕ್ತಕಣಗಳಿಂದ ಬರುತ್ತದೆ. ಜೀವಂತ ವ್ಯಕ್ತಿಯಿಂದ ಮಾದರಿ ಪಡೆಯಬೇಕಾದಾಗ ಕೆನ್ನೆಯ ಒಳಭಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿದರೂ ಸಾಕಾಗುತ್ತದೆ. ತೇವ ಮತ್ತು ಉಷ್ಣತೆ ಡಿ.ಎನ್.ಎ.ಯ ಶತ್ರುಗಳು. ಒದ್ದೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಸೂಕ್ಷ್ಮಜೀವಿಗಳು ಬೆಳೆದು ಮಾದರಿ ಕೆಡುತ್ತದೆ. ಆದುದರಿಂದ ಮಾದರಿಯನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿಡುವುದು ರೂಢಿಯಲ್ಲಿದೆ.

ಪ್ರತ್ಯೇಕಿಸುವಿಕೆ

ಮೊದಲು ಮಾರ್ಜಕದ ನೆರವಿನಿಂದ ಜೀವಕೋಶದ ಮತ್ತು ಕೋಶಕೇಂದ್ರದ ಪೊರೆಗಳನ್ನು ಒಡೆಯಲಾಗುತ್ತದೆ. ಬಳಿಕ ಪ್ರೋಟೀನುಗಳನ್ನು ಜೀರ್ಣಿಸುವ ಕಿಣ್ವವೊಂದನ್ನು ಸೇರಿಸಿ, ಡಿ.ಎನ್.ಎ.ಗೆ ಅಂಟಿಕೊಂಡಿರುವ ಪ್ರೋಟೀನುಗಳನ್ನು ಬೇರ್ಪಡಿಸಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಫೀನಾಲ್ ಮತ್ತು ಕ್ಲೋರೋಫಾರ್ಮ್ ದ್ರಾವಣಗಳಿಂದ ಕಲ್ಮಶವನ್ನು ತೆಗೆದು, ತಣ್ಣನೆಯ ಆಲ್ಕೊಹಾಲ್ ಸುರಿದು ಡಿ.ಎನ್.ಎ.ಯನ್ನು ಒತ್ತರಿಸುತ್ತಿದ್ದರು. ಇಂದು ಡಿ.ಎನ್.ಎ.ಯನ್ನು ಹಿಡಿದಿಟ್ಟುಕೊಳ್ಳುವ ಸಿಲಿಕಾ ಪೊರೆಗಳನ್ನು ಅಥವಾ ಕಾಂತೀಯ ಮಣಿಗಳನ್ನು ಬಳಸುವುದು ಸಾಮಾನ್ಯ.

ಇದೇ ತತ್ತ್ವವನ್ನು ಶಾಲೆಯಲ್ಲಿಯೂ ತೋರಿಸಬಹುದು. ಬಾಳೆಹಣ್ಣನ್ನು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನು ಸೇರಿಸಿ, ಸೋಸಿ, ಸೋಸಿದ ದ್ರವದ ಮೇಲೆ ತಣ್ಣನೆಯ ಆಲ್ಕೊಹಾಲನ್ನು ಮೆಲ್ಲನೆ ಸುರಿದರೆ ಎರಡರ ನಡುವೆ ಬಿಳಿಯ ನೂಲಿನಂತಹ ಪದಾರ್ಥ ಮೇಲೆದ್ದು ಬರುತ್ತದೆ. ಅದರ ಮುಖ್ಯ ಭಾಗ ಡಿ.ಎನ್.ಎ.ಯೇ ಆಗಿದೆ. ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್ 1869ರಲ್ಲಿ ಈ ಪದಾರ್ಥವನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ಗಾಯಕ್ಕೆ ಕಟ್ಟಿದ್ದ ಪಟ್ಟಿಗಳ ಕೀವಿನಿಂದ.

ಪ್ರತಿ ತೆಗೆಯುವಿಕೆ

ಅಪರಾಧ ನಡೆದ ಸ್ಥಳದಲ್ಲಿ ದೊರೆಯುವ ಡಿ.ಎನ್.ಎ.ಯ ಪ್ರಮಾಣ ಅತ್ಯಲ್ಪವಾಗಿರುವುದರಿಂದ ಅದರ ಬೇಕಾದ ಭಾಗಗಳನ್ನು ವೃದ್ಧಿಸಬೇಕಾಗುತ್ತದೆ. ಪಾಲಿಮರೇಸ್ ಸರಪಳಿ ಕ್ರಿಯೆ ಅಥವಾ ಪಿ.ಸಿ.ಆರ್. ಇದಕ್ಕೆ ಬಳಕೆಯಾಗುವ ವಿಧಾನ. ಇದನ್ನು 1983ರಲ್ಲಿ ಅಮೆರಿಕದ ಸೀಟಸ್ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ ರೂಪಿಸಿದರು. ಅದಕ್ಕಾಗಿ ಅವರಿಗೆ 1993ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಪ್ರೈಮರ್ ಮತ್ತು ಕಿಣ್ವಗಳಿಂದ ಡಿ.ಎನ್.ಎ. ತುಣುಕನ್ನು ನಕಲು ಮಾಡುವ ಮೂಲ ವಿಚಾರವನ್ನು ಭಾರತ ಸಂಜಾತ ವಿಜ್ಞಾನಿ ಹರಗೋಬಿಂದ್ ಖುರಾನಾ ಅವರ ತಂಡ 1971ರಲ್ಲಿಯೇ ಪ್ರಕಟಿಸಿತ್ತು.

ಪಿ.ಸಿ.ಆರ್.ನ ಪ್ರತಿಯೊಂದು ಸುತ್ತಿನಲ್ಲಿ ಮೂರು ಹಂತಗಳಿವೆ. ಸುಮಾರು 95 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ಎಳೆಗಳು ಬೇರ್ಪಡುತ್ತವೆ. ಉಷ್ಣತೆಯನ್ನು 50ರಿಂದ 65 ಡಿಗ್ರಿಗೆ ಇಳಿಸಿದಾಗ, ಪ್ರೈಮರ್ ಎಂಬ ಚಿಕ್ಕ ಕೃತಕ ತುಣುಕುಗಳು ಬೇಕಾದ ಭಾಗದ ಎರಡೂ ಅಂಚುಗಳಿಗೆ ಅಂಟಿಕೊಳ್ಳುತ್ತವೆ. ಸುಮಾರು 72 ಡಿಗ್ರಿಯಲ್ಲಿ ಪಾಲಿಮರೇಸ್ ಕಿಣ್ವವು ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಹೊಸ ಎಳೆಯನ್ನು ನೇಯುತ್ತದೆ. ಪ್ರತಿ ಸುತ್ತಿನಲ್ಲಿಯೂ ಪ್ರತಿಗಳು ದ್ವಿಗುಣಗೊಳ್ಳುವುದರಿಂದ 30 ಸುತ್ತುಗಳ ಬಳಿಕ, ಲೆಕ್ಕಾಚಾರದಂತೆ, ಒಂದು ತುಣುಕಿನಿಂದ 100 ಕೋಟಿಗೂ ಹೆಚ್ಚು ತುಣುಕುಗಳು ದೊರೆಯುತ್ತವೆ.

ಸಾಮಾನ್ಯ ಕಿಣ್ವಗಳು ಅಷ್ಟು ಉಷ್ಣತೆಯಲ್ಲಿ ಕೆಟ್ಟುಹೋಗುತ್ತವೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1960ರ ದಶಕದಲ್ಲಿ ಪತ್ತೆಹಚ್ಚಿದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯದ ಕಿಣ್ವ ಈ ತೊಡಕನ್ನು ನಿವಾರಿಸಿತು. ಟ್ಯಾಕ್ ಪಾಲಿಮರೇಸ್ ಎಂದು ಪ್ರಸಿದ್ಧವಾಗಿರುವ ಕಿಣ್ವ ಇದೇ.

ವಿಶ್ಲೇಷಣೆ

ಪ್ರತಿಗಳ ಉದ್ದವನ್ನು ಅಳೆಯಲು ಎಲೆಕ್ಟ್ರೋಫೋರೆಸಿಸ್ ವಿಧಾನವನ್ನು ಅನುಸರಿಸುತ್ತಾರೆ. ಡಿ.ಎನ್.ಎ.ಯು ಋಣ ವಿದ್ಯುದಂಶವನ್ನು ಹೊಂದಿರುವುದರಿಂದ ವಿದ್ಯುತ್ ಹರಿಸಿದಾಗ ಧನ ಧ್ರುವದ ಕಡೆಗೆ ಚಲಿಸುತ್ತದೆ. ಜರಡಿಯಂತಹ ಮಾಧ್ಯಮದ ಮೂಲಕ ಸಾಗುವಾಗ ಚಿಕ್ಕ ತುಣುಕುಗಳು ಬೇಗನೆ ಮುಂದೆ ಹೋಗುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಇಂದಿನ ಯಂತ್ರಗಳಲ್ಲಿ ಕೂದಲೆಳೆಯಷ್ಟು ಸಪೂರವಾದ ನಳಿಕೆಯಲ್ಲಿ ಈ ಓಟ ನಡೆಯುತ್ತದೆ. ತುಣುಕುಗಳಿಗೆ ಮೊದಲೇ ಅಂಟಿಸಿರುವ ಹೊಳೆಯುವ ಬಣ್ಣಗಳನ್ನು ಲೇಸರ್ ಕಿರಣ ಗುರುತಿಸುತ್ತದೆ. ಫಲಿತಾಂಶವು ಏರುತಗ್ಗುಗಳ ನಕ್ಷೆಯಾಗಿ ದೊರೆಯುತ್ತದೆ.

ಜೆಫ್ರೀಸ್ ಅವರ ಮೂಲ ವಿಧಾನ ಇದಕ್ಕಿಂತ ಭಿನ್ನವಾಗಿತ್ತು. ಡಿ.ಎನ್.ಎ.ಯನ್ನು ಕಿಣ್ವಗಳಿಂದ ಕತ್ತರಿಸಿ, ಜೆಲ್‌ನಲ್ಲಿ ಬೇರ್ಪಡಿಸಿ, ಎಡ್ವಿನ್ ಸದರ್ನ್ 1975ರಲ್ಲಿ ಪ್ರಕಟಿಸಿದ ಕ್ರಮದಂತೆ ಪೊರೆಯೊಂದಕ್ಕೆ ವರ್ಗಾಯಿಸಿ, ವಿಕಿರಣಶೀಲ ತುಣುಕುಗಳ ನೆರವಿನಿಂದ ಕ್ಷ-ಕಿರಣ ಫಿಲ್ಮಿನ ಮೇಲೆ ಪಟ್ಟೆಗಳನ್ನು ಮೂಡಿಸಲಾಗುತ್ತಿತ್ತು. ಇದಕ್ಕೆ ಹೆಚ್ಚಿನ ಪ್ರಮಾಣದ, ಕೆಡದಿರುವ ಡಿ.ಎನ್.ಎ. ಬೇಕಾಗಿತ್ತು. ಕಾಲವೂ ಹೆಚ್ಚು ಹಿಡಿಯುತ್ತಿತ್ತು.

ಇತಿಹಾಸ

1984ರ ಸೆಪ್ಟೆಂಬರ್ 10ರ ಬೆಳಗ್ಗೆ ಫಿಲ್ಮನ್ನು ಪರಿಶೀಲಿಸುತ್ತಿದ್ದ ಜೆಫ್ರೀಸ್ ಅವರಿಗೆ ಪಟ್ಟೆಗಳ ವಿನ್ಯಾಸ ಪ್ರತಿಯೊಬ್ಬರಲ್ಲಿಯೂ ಬೇರೆಯಾಗಿರುವುದೂ, ಮಕ್ಕಳ ಪಟ್ಟೆಗಳು ತಂದೆ-ತಾಯಿಯರಿಂದ ಬಂದಿರುವುದೂ ಗೋಚರಿಸಿತು. ಇದರ ಮೊದಲ ಪ್ರಾಯೋಗಿಕ ಬಳಕೆ 1985ರಲ್ಲಿ ನಡೆದದ್ದು ಅಪರಾಧ ಪ್ರಕರಣವೊಂದರಲ್ಲಲ್ಲ. ಘಾನಾದಿಂದ ಬ್ರಿಟನ್ನಿಗೆ ಮರಳಿದ ಬಾಲಕನೊಬ್ಬ ತಾಯಿಯೆಂದು ಹೇಳಿಕೊಂಡವಳ ಮಗನೇ ಎಂಬ ಸಂದೇಹ ವಲಸೆ ಅಧಿಕಾರಿಗಳಿಗೆ ಉಂಟಾಗಿತ್ತು. ಪರೀಕ್ಷೆಯಿಂದ ಅವನು ಆಕೆಯ ಮಗನೆಂದೇ ಸಿದ್ಧವಾಗಿ, ಅವನಿಗೆ ತನ್ನ ಕುಟುಂಬದೊಡನೆ ನೆಲೆಸಲು ಅನುಮತಿ ದೊರೆಯಿತು.

ಅಪರಾಧ ತನಿಖೆಯಲ್ಲಿ ಈ ವಿಧಾನ ಮೊದಲು ಬಳಕೆಯಾದದ್ದು ಲೆಸ್ಟರ್‌ಷೈರ್ ಪ್ರಾಂತದಲ್ಲಿ 1983 ಮತ್ತು 1986ರಲ್ಲಿ ನಡೆದ ಇಬ್ಬರು ಬಾಲಕಿಯರ ಹತ್ಯೆಯ ಪ್ರಕರಣದಲ್ಲಿ. ಎರಡನೆಯ ಹತ್ಯೆಯನ್ನು ತಾನೇ ಮಾಡಿದೆನೆಂದು 17 ವರ್ಷದ ಯುವಕನೊಬ್ಬ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಜೆಫ್ರೀಸ್ ಅವರ ಪರೀಕ್ಷೆ ಎರಡೂ ಕೃತ್ಯಗಳನ್ನು ಎಸಗಿದವನು ಒಬ್ಬನೇ ಎಂದೂ, ಅವನು ಈ ಯುವಕನಲ್ಲವೆಂದೂ ತೋರಿಸಿತು. ಹೀಗೆ ಡಿ.ಎನ್.ಎ. ಬೆರಳಚ್ಚು ಅಪರಾಧಿಯನ್ನು ಹಿಡಿಯುವುದಕ್ಕೆ ಮೊದಲು ನಿರಪರಾಧಿಯೊಬ್ಬನನ್ನು ಬಿಡಿಸಿತು. ಬಳಿಕ ಸುತ್ತಮುತ್ತಲ ಊರುಗಳ ಸುಮಾರು 5,000 ಪುರುಷರಿಂದ ಮಾದರಿಗಳನ್ನು ಸಂಗ್ರಹಿಸಲಾಯಿತು. ಕಾಲಿನ್ ಪಿಚ್‌ಫೋರ್ಕ್ ಎಂಬಾತ ತನ್ನ ಬದಲಿಗೆ ಸಹೋದ್ಯೋಗಿಯೊಬ್ಬನಿಂದ ರಕ್ತ ಕೊಡಿಸಿದ್ದನು. ಆ ಸಹೋದ್ಯೋಗಿ ಆಡಿದ ಮಾತು ಬಯಲಾಗಿ 1987ರಲ್ಲಿ ಪಿಚ್‌ಫೋರ್ಕ್‌ನ ಬಂಧನವಾಯಿತು. 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು.

ಅಮೆರಿಕದಲ್ಲಿ ಕರ್ಕ್ ಬ್ಲಡ್ಸ್‌ವರ್ತ್ ಎಂಬವರಿಗೆ ಮರಣದಂಡನೆ ವಿಧಿಸಲ್ಪಟ್ಟಿತ್ತು. 1993ರಲ್ಲಿ ಡಿ.ಎನ್.ಎ. ಪರೀಕ್ಷೆಯ ಆಧಾರದ ಮೇಲೆ ಅವರು ನಿರ್ದೋಷಿಯಾಗಿ ಹೊರಬಂದರು.

ಭಾರತದಲ್ಲಿ

ಭಾರತದಲ್ಲಿ ಈ ವಿಧಾನವನ್ನು ಬೆಳೆಸಿದವರು ಲಾಲ್‌ಜಿ ಸಿಂಗ್ (1947-2017). ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿದ್ದ (ಸಿ.ಸಿ.ಎಂ.ಬಿ.) ಅವರು, ಪಟ್ಟೆಗಳುಳ್ಳ ಕಟ್ಟುಹಾವಿನ ಡಿ.ಎನ್.ಎ.ಯಿಂದ ಪಡೆದ ಒಂದು ತುಣುಕು ಮಾನವರನ್ನು ಗುರುತಿಸಲೂ ನೆರವಾಗುವುದನ್ನು ತೋರಿಸಿದರು. ಇದರಿಂದ ವಿದೇಶದ ಸಾಮಗ್ರಿಯನ್ನು ಅವಲಂಬಿಸದೆ ಪರೀಕ್ಷೆ ನಡೆಸುವುದು ಸಾಧ್ಯವಾಯಿತು. ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ನಡೆದ ಪಿತೃತ್ವದ ವ್ಯಾಜ್ಯವೊಂದು ಭಾರತದಲ್ಲಿ ಡಿ.ಎನ್.ಎ. ಸಾಕ್ಷ್ಯ ಬಳಕೆಯಾದ ಮೊದಲ ಪ್ರಕರಣವೆಂದು ಪರಿಗಣಿತವಾಗಿದೆ. ಮುಂದೆ ಹೈದರಾಬಾದಿನಲ್ಲಿ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರ (ಸಿ.ಡಿ.ಎಫ್.ಡಿ.) ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಡಿ.ಎನ್.ಎ. ವಿಭಾಗವಿದೆ.

2010ರ ಮೇ 22ರಂದು ಮಂಗಳೂರಿನಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ 158 ಮಂದಿ ಮೃತಪಟ್ಟರು. ಸುಟ್ಟು ಗುರುತು ಸಿಗದಂತಾಗಿದ್ದ ದೇಹಗಳ ಪರೀಕ್ಷೆಯನ್ನು ಸಿ.ಡಿ.ಎಫ್.ಡಿ. ನಡೆಸಿತು. ಆದರೂ ಕೆಲವು ದೇಹಗಳಿಗೆ ವಾರಸುದಾರರು ಯಾರೆಂದು ತಿಳಿಯದೆ ಅವುಗಳ ಸಾಮೂಹಿಕ ಅಂತ್ಯಸಂಸ್ಕಾರವನ್ನು ಮಂಗಳೂರಿನಲ್ಲಿಯೇ ನೆರವೇರಿಸಬೇಕಾಯಿತು. 2025ರ ಜೂನ್ 12ರ ಅಹಮದಾಬಾದಿನ ವಿಮಾನ ದುರಂತದಲ್ಲಿಯೂ ಮೃತರ ಗುರುತಿಸುವಿಕೆಗೆ ಬಂಧುಗಳ ಡಿ.ಎನ್.ಎ. ಮಾದರಿಗಳೇ ಮುಖ್ಯ ಆಧಾರವಾದವು.

ಪ್ರಾಚೀನ ಅವಶೇಷಗಳ ಗುರುತಿಸುವಿಕೆ

ಮೈಟೊಕಾಂಡ್ರಿಯ ಎಂಬ ಕೋಶಾಂಗದಲ್ಲಿಯೂ ಸ್ವಲ್ಪ ಡಿ.ಎನ್.ಎ. ಇದ್ದು, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಪ್ರತಿ ಜೀವಕೋಶದಲ್ಲಿ ಇದರ ಪ್ರತಿಗಳು ಬಹಳವಾಗಿರುವುದರಿಂದ ಹಳೆಯ ಮೂಳೆ, ಬುಡವಿಲ್ಲದ ಕೂದಲು ಇವುಗಳ ಪರೀಕ್ಷೆಗೆ ಇದು ಉಪಯುಕ್ತ. 1485ರಲ್ಲಿ ಯುದ್ಧದಲ್ಲಿ ಮಡಿದ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ದೊರೆತಾಗ, ಅವನ ಸೋದರಿಯ ಸ್ತ್ರೀವಂಶದಲ್ಲಿ ಬಂದವರ ಮಾದರಿಯೊಡನೆ ಹೋಲಿಸಿ ಗುರುತನ್ನು ದೃಢಪಡಿಸಲಾಯಿತು.

ಹೋಲಿಕೆ ಮತ್ತು ಸಂಭವನೀಯತೆ

ಎರಡು ಪ್ರೊಫೈಲ್‌ಗಳು ಒಂದು ತಾಣದಲ್ಲಿ ಹೊಂದದಿದ್ದರೂ, ಆ ಭಿನ್ನತೆಗೆ ತಾಂತ್ರಿಕ ಕಾರಣವಿಲ್ಲವೆಂದು ಖಚಿತವಾದರೆ, ಅವು ಬೇರೆ ಬೇರೆ ವ್ಯಕ್ತಿಗಳವು ಎಂದು ತೀರ್ಮಾನಿಸಬಹುದು. ಎಲ್ಲ ತಾಣಗಳೂ ಹೊಂದಿಕೊಂಡರೆ, ಸಂಬಂಧವಿಲ್ಲದ ಇನ್ನೊಬ್ಬನಲ್ಲಿ ಅದೇ ಪ್ರೊಫೈಲ್ ಆಕಸ್ಮಿಕವಾಗಿ ಕಂಡುಬರುವ ಸಾಧ್ಯತೆಯನ್ನು ಲೆಕ್ಕಹಾಕುತ್ತಾರೆ. ಒಂದು ತಾಣದ ಹೊಂದಿಕೆ ಹತ್ತು ಜನರಲ್ಲಿ ಒಬ್ಬನಿಗೆ ಇರುತ್ತದೆಂದು ಭಾವಿಸಿದರೆ, ಪರಸ್ಪರ ಸ್ವತಂತ್ರವಾದ ಹತ್ತು ತಾಣಗಳೂ ಹೊಂದುವ ಸಾಧ್ಯತೆ 1,000 ಕೋಟಿಯಲ್ಲಿ ಒಂದು ಮಾತ್ರ. ಅಮೆರಿಕದ ರಾಷ್ಟ್ರೀಯ ಸಂಗ್ರಹದಲ್ಲಿ 2017ರಿಂದ 20 ಮುಖ್ಯ ತಾಣಗಳನ್ನು ಪರಿಗಣಿಸಲಾಗುತ್ತಿದೆ.

ಆದರೆ ಮಾದರಿ ಕೆಟ್ಟು ಕೆಲವೇ ತಾಣಗಳು ದೊರೆತಾಗ ಎಚ್ಚರ ಅಗತ್ಯ. ಆಕಸ್ಮಿಕ ಹೊಂದಿಕೆಯ ಸಾಧ್ಯತೆ ಲಕ್ಷದಲ್ಲಿ ಒಂದಾಗಿದ್ದರೆ, ಒಂದು ಕೋಟಿ ಜನರಿರುವ ನಗರದಲ್ಲಿ ಸುಮಾರು 100 ಮಂದಿಗೆ ಆ ಪ್ರೊಫೈಲ್ ಹೊಂದಬಹುದು. ಆದುದರಿಂದ ಲಕ್ಷದಲ್ಲಿ ಒಂದು ಎಂಬ ಸಂಖ್ಯೆಯನ್ನು ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ ಎಂದು ಅರ್ಥೈಸುವುದು ತಪ್ಪು.

ಮಿತಿಗಳು

ಪಿ.ಸಿ.ಆರ್.ನ ಸೂಕ್ಷ್ಮತೆಯೇ ಅದರ ದೌರ್ಬಲ್ಯವೂ ಆಗಿದೆ. 1993ರಿಂದ ಹಲವು ವರ್ಷಗಳ ಕಾಲ ಜರ್ಮನಿ, ಆಸ್ಟ್ರಿಯ ಮತ್ತು ಫ್ರಾನ್ಸ್‌ಗಳಲ್ಲಿ ನಡೆದ ಸುಮಾರು 40 ಅಪರಾಧಗಳ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿ.ಎನ್.ಎ. ದೊರೆತು ಪೊಲೀಸರು ಅವಳಿಗಾಗಿ ಹುಡುಕಾಟ ನಡೆಸಿದರು. ಆ ಡಿ.ಎನ್.ಎ. ಮಾದರಿ ಸಂಗ್ರಹಕ್ಕೆ ಬಳಸಿದ ಹತ್ತಿಯ ಕಡ್ಡಿಗಳನ್ನು ತಯಾರಿಸುವಲ್ಲಿ ದುಡಿಯುತ್ತಿದ್ದವಳದೆಂದು 2009ರಲ್ಲಿ ಬೆಳಕಿಗೆ ಬಂತು. ಕಡ್ಡಿಗಳನ್ನು ಸೂಕ್ಷ್ಮಜೀವಿರಹಿತಗೊಳಿಸಿದ್ದರೂ ಡಿ.ಎನ್.ಎ. ನಾಶವಾಗಿರಲಿಲ್ಲ. ಒಬ್ಬನ ಡಿ.ಎನ್.ಎ. ಒಂದು ಸ್ಥಳದಲ್ಲಿ ದೊರೆತರೆ, ಅದು ಯಾವಾಗ ಮತ್ತು ಹೇಗೆ ಅಲ್ಲಿಗೆ ಬಂತೆಂಬುದನ್ನು ಪರೀಕ್ಷೆ ತಿಳಿಸಲಾರದು. ಹಲವರ ಡಿ.ಎನ್.ಎ. ಬೆರೆತಿರುವ ಮಾದರಿಗಳ ವಿಶ್ಲೇಷಣೆಯೂ ಕಠಿಣವಾದುದು.

ಕಾನೂನು ಮತ್ತು ಖಾಸಗಿತನ

2005ರ ತಿದ್ದುಪಡಿಯ ಮೂಲಕ ದಂಡ ಪ್ರಕ್ರಿಯಾ ಸಂಹಿತೆಗೆ 53ಎ ಪ್ರಕರಣವನ್ನು ಸೇರಿಸಿ, ಅತ್ಯಾಚಾರದ ಆರೋಪಿಯ ವೈದ್ಯಕೀಯ ತಪಾಸಣೆಯಲ್ಲಿ ಡಿ.ಎನ್.ಎ. ಪರೀಕ್ಷೆಗೆ ಮಾದರಿ ಪಡೆಯಲು ಅವಕಾಶ ಕಲ್ಪಿಸಲಾಯಿತು. ಪಿತೃತ್ವದ ವಿಷಯದಲ್ಲಿ, ರಕ್ತಪರೀಕ್ಷೆಗೆ ವಾಡಿಕೆಯಂತೆ ಆದೇಶ ನೀಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1993ರ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿತು. ಮಗುವಿಗೆ ಅನೌರಸವೆಂಬ ಕಳಂಕ ತಟ್ಟಬಾರದೆಂಬ ಕಾಳಜಿ ಅದರ ಹಿಂದಿತ್ತು. 2014ರ ನಂದಲಾಲ್ ಬಡವಾಯಿಕ್ ಪ್ರಕರಣದಲ್ಲಿ ಕಾನೂನಿನ ಊಹೆಗೂ ನಿಖರವಾದ ಡಿ.ಎನ್.ಎ. ವರದಿಗೂ ವಿರೋಧ ಬಂದಾಗ ವರದಿಯೇ ಮೇಲೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ಡಿ.ಎನ್.ಎ. ಮಾದರಿಯಿಂದ ರೋಗಪ್ರವೃತ್ತಿ, ಬಂಧುತ್ವ ಮೊದಲಾದ ಸಂಗತಿಗಳನ್ನೂ ತಿಳಿಯಬಹುದಾದ್ದರಿಂದ, ಅದನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂಬುದು ಚರ್ಚೆಯ ವಿಷಯವಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಈ ಚರ್ಚೆಗೆ ಹೆಚ್ಚಿನ ತೂಕ ಬಂದಿದೆ. ರಾಷ್ಟ್ರಮಟ್ಟದ ಡಿ.ಎನ್.ಎ. ಸಂಗ್ರಹಾಲಯವನ್ನು ಉದ್ದೇಶಿಸಿದ್ದ ವಿಧೇಯಕವನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿ, 2023ರಲ್ಲಿ ಹಿಂದಕ್ಕೆ ಪಡೆಯಲಾಯಿತು.