ಊರಿಗೊಂದು ಪರದೆಯಿಂದ ಕೈಗೊಂದು ಪರದೆಗೆ

ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನ ಬಸ್ಸಿಗೆ ಕಾಯುತ್ತಿದ್ದರೆ, ಹತ್ತು ಜನರೂ ಹತ್ತು ಬೇರೆ ಬೇರೆ ವಿಡಿಯೋ ನೋಡುತ್ತಿರುತ್ತಾರೆ. ಒಬ್ಬರದು ಅಡಿಕೆ ಧಾರಣೆ, ಒಬ್ಬರದು ಧಾರಾವಾಹಿ, ಇನ್ನೊಬ್ಬರದು ಯಾರೋ ಕಳಿಸಿದ ಜಗಳ. ಪಕ್ಕದವರು ಏನು ನೋಡುತ್ತಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ.

ಐವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಹಾಗಂತ ಹಳೆಯದೇ ಚೆನ್ನಾಗಿತ್ತು ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಪರದೆ ಬದಲಾದಾಗಲೆಲ್ಲ ನಾವು ಚಿತ್ರವನ್ನು ನಂಬುವ ರೀತಿಯೂ ಬದಲಾಗಿದೆ. ಅದರಿಂದ ನಮ್ಮ ರಾಜ್ಯದಲ್ಲೇ ಪ್ರಾಣ ಹೋಗಿವೆ.

ಶಾಲೆಯ ಮುಂದಿನ ಟಿವಿ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತು. ಇಸ್ರೋ ಅದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು.

ಊರಿಗೆ ಒಂದೇ ಟಿವಿ. ಸಂಜೆ ಊರ ಜನವೆಲ್ಲ ಅದರ ಮುಂದೆ ಕೂರಬೇಕು. ಬೇಸಾಯ, ಆರೋಗ್ಯ, ಶಿಕ್ಷಣದ ಮಾತು ಬರುತ್ತಿತ್ತು. ನೋಡಿದ್ದು ಸರಿಯೋ ತಪ್ಪೋ, ಅಲ್ಲೇ ಹತ್ತು ಜನರ ಬಾಯಲ್ಲಿ ಚರ್ಚೆಯಾಗುತ್ತಿತ್ತು.

ನಮ್ಮ ತರೀಕೆರೆ, ಕಡೂರು ಕಡೆಗೆ ಆ ಪ್ರಯೋಗ ಬರಲಿಲ್ಲ. ಆದರೆ ಮುಂದೆ ದೂರದರ್ಶನ ಬಂದಾಗ ಇಲ್ಲಿಯೂ ಆಗಿದ್ದು ಅದೇ. 1987–88ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದರೆ, ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಬ್ಬಕ್ಕೆ ಟಿವಿ, ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕಿದಾಗಲೂ ಕೇರಿಗೆ ಕೇರಿಯೇ ಸೇರುತ್ತಿತ್ತು.

ಸೈಬರಿನ ಕಂಪ್ಯೂಟರು

2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಮೊದಲ ವಿಡಿಯೋ ಬಂತು. ಮೃಗಾಲಯದ ಆನೆಗಳ ಮುಂದೆ ಒಬ್ಬ ಯುವಕ ನಿಂತು ಮಾತಾಡುವ 19 ಸೆಕೆಂಡಿನ ತುಣುಕು ಅದು. 2008ರಲ್ಲಿ ಭಾರತಕ್ಕೆಂದೇ ಯೂಟ್ಯೂಬ್ ಆವೃತ್ತಿ ಶುರುವಾಯಿತು.

ಆಗ ಹಳ್ಳಿಯವರಿಗೆ ಆನ್‌ಲೈನ್ ವಿಡಿಯೋ ಎಂದರೆ ಪೇಟೆಯ ಸೈಬರ್ ಅಂಗಡಿ. ಗಂಟೆ ಲೆಕ್ಕದಲ್ಲಿ ದುಡ್ಡು. ವಿಡಿಯೋ ಅರ್ಧಕ್ಕೆ ನಿಂತು ಚಕ್ರ ಸುತ್ತುತ್ತಿತ್ತು. ಕಾಯುವಾಗ ಕಣ್ಣು ಸುಮ್ಮನಿರುತ್ತದೆಯೇ? ಪರದೆಯ ಕೆಳಗೆ ಬರೆದದ್ದನ್ನು ಓದುತ್ತಿತ್ತು. ವಿಡಿಯೋದ ಹೆಸರು, ಹಾಕಿದವರು ಯಾರು, ಯಾವ ದಿನ ಹಾಕಿದ್ದು, ಎಲ್ಲ ಅಲ್ಲೇ ಇರುತ್ತಿತ್ತು. ವಿಡಿಯೋ ತನ್ನ ಊರು, ಮನೆತನ ಹೇಳಿಕೊಂಡೇ ಬರುತ್ತಿತ್ತು ಎನ್ನಬಹುದು.

ಮೆಮೊರಿ ಕಾರ್ಡಿನ ಕಾಲ

ಆಮೇಲೆ ಕಲರ್ ಫೋನು ಬಂತು. ಆದರೆ ನೆಟ್ ನಿಧಾನ. ಸೆಕೆಂಡಿಗೆ 100 ಕಿಲೋಬಿಟ್ ಬಂದರೂ 5 ಎಂಬಿಯ ಸಣ್ಣ ವಿಡಿಯೋ ಇಳಿಯಲು ಸುಮಾರು ಏಳು ನಿಮಿಷ ಬೇಕು. ಅದಕ್ಕೆ ಜನ ಬೇರೆ ದಾರಿ ಕಂಡುಕೊಂಡರು. ಕರೆನ್ಸಿ ಹಾಕುವ ಅಂಗಡಿಯಲ್ಲೇ ಮೆಮೊರಿ ಕಾರ್ಡಿಗೆ ಹಾಡು, ವಿಡಿಯೋ ತುಂಬಿಸಿಕೊಂಡು ಬಂದರು. ಒಬ್ಬರಿಂದ ಒಬ್ಬರಿಗೆ ಬ್ಲೂಟೂತಿನಲ್ಲಿ ಹೋಯಿತು.

ಆಗ ಹೆಚ್ಚು ಓಡಾಡಿದ್ದು 3ಜಿಪಿ ಎಂಬ ಬಗೆಯ ವಿಡಿಯೋ. ಎಷ್ಟೋ ವಿಡಿಯೋಗಳ ಅಳತೆ 176 ಚುಕ್ಕಿ ಅಗಲ, 144 ಚುಕ್ಕಿ ಎತ್ತರ ಅಷ್ಟೇ. ಮುಖ ಮಸುಕು, ಅಕ್ಷರ ಓದಲಾಗದು. ಕಂಪ್ಯೂಟರಿನಲ್ಲಿ ವಿಡಿಯೋದ ಕೆಳಗಿದ್ದ ಹೆಸರು, ದಿನಾಂಕ ಕಳಚಿಕೊಂಡಿದ್ದು ಇಲ್ಲೇ. ಕಾರ್ಡಿಗೆ ಬಂದದ್ದು ಬರೀ ಚಿತ್ರ.

2016ರ ನಂತರ

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಯಿತು. ಮೊದಲು ಕೆಲವು ತಿಂಗಳು ಡೇಟಾ ಪುಕ್ಕಟೆ. ಉಳಿದ ಕಂಪನಿಗಳೂ ದರ ಇಳಿಸಿದವು. 2018ರಲ್ಲಿ ಬಟನ್ ಇರುವ ಜಿಯೋ ಫೋನಿಗೂ ಯೂಟ್ಯೂಬ್, ವಾಟ್ಸಾಪ್ ಬಂದವು.

ಇದರಿಂದ ಆದ ಒಳ್ಳೆಯದು ಸಣ್ಣದಲ್ಲ. ಪಡಸಾಲೆಯ ಟಿವಿಯಲ್ಲಿ ಏನು ನೋಡಬೇಕೆಂದು ಮನೆಯ ಯಜಮಾನ ತೀರ್ಮಾನ ಮಾಡುತ್ತಿದ್ದ. ಈಗ ಸೊಸೆಯೂ ತನಗೆ ಬೇಕಾದ್ದನ್ನು ನೋಡುತ್ತಾಳೆ. ಓದಲು ಬಾರದ ಅಜ್ಜಿಯೂ ನೋಡುತ್ತಾರೆ. ರೈತರು ತೋಟದಲ್ಲಿ ನಿಂತೇ ಈರುಳ್ಳಿ ರೋಗದ ಔಷಧಿ ಹುಡುಕುತ್ತಾರೆ.

ಆದರೆ ಕೂತು ಚರ್ಚೆ ಮಾಡುವ ಹತ್ತು ಜನ ಪಕ್ಕದಲ್ಲಿಲ್ಲ. ಕೆಳಗೆ ಬರೆದ ಹೆಸರು, ದಿನಾಂಕವೂ ಇಲ್ಲ. ಎರಡೂ ಒಟ್ಟಿಗೆ ಹೋದವು.

ಕೊನೆ ಕತ್ತರಿಸಿದ ವಿಡಿಯೋ

2018ರಲ್ಲಿ ಒಂದು ವಿಡಿಯೋ ಕರ್ನಾಟಕದ ಫೋನುಗಳಿಗೂ ಬಂತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್ ಎಂದು ಜೊತೆಗೆ ಮಾತು.

ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಜಾಗೃತಿಯ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು.

ಮಕ್ಕಳ ಕಳ್ಳರ ವದಂತಿ ಹಬ್ಬಿದ್ದಾಗ, ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿ ಕಾರ್ಮಿಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅವರ ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂಚೆ ಮುಂದಿನ ಊರು ತಲುಪಿತ್ತು.

ಅದೇ ಜುಲೈನಲ್ಲಿ ವಾಟ್ಸಾಪ್ ‘ಫಾರ್ವರ್ಡ್’ ಎಂಬ ಗುರುತು ತಂದಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಮಿತಿ ಹಾಕಿತು. 2020ರಿಂದ, ಹಲವು ಕೈ ದಾಟಿ ಬಂದ ಎರಡು ಬಾಣದ ಗುರುತಿನ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ.

ಈಗ ನಾವು ಮಾಡಬಹುದಾದ್ದು

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದಲ್ಲಿ ನಡೆಯುವ ಹೋರಿಕರುಗಳ ಹರಾಜನ್ನೇ ತೆಗೆದುಕೊಳ್ಳಿ. ಹಳೇ ವರ್ಷದ ಹರಾಜಿನ ವಿಡಿಯೋ ಈ ವರ್ಷದ್ದು ಎಂದು ನಿಮಗೆ ಬಂದರೆ ಹೇಗೆ ತಿಳಿಯುತ್ತೀರಿ? ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ವಿಡಿಯೋದ ಹೆಸರಿನಲ್ಲಿ 20240815 ಎಂಬಂಥ ಎಂಟು ಅಂಕಿ ಇರುತ್ತವೆ. ಅದು ವಿಡಿಯೋ ತೆಗೆದ ದಿನವಲ್ಲ, ವಾಟ್ಸಾಪಿಗೆ ಬಂದ ದಿನ. ಅದನ್ನು ನಂಬಿ ಗಾಡಿ ಮಾಡಿಕೊಂಡು ಹೊರಟರೆ ನಷ್ಟ.

ವಿಡಿಯೋ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಗೂಗಲ್ ಲೆನ್ಸಿಗೆ ಹಾಕಿ. ಅದೇ ಚಿತ್ರ ಮೊದಲು ಎಲ್ಲಿ ಬಂದಿತ್ತು ಎಂಬುದು ಎಷ್ಟೋ ಸಲ ಸಿಗುತ್ತದೆ. ಕಳಿಸಿದವರನ್ನು ಕೇಳಿ: ಎಲ್ಲಿಯದು, ಯಾವತ್ತಿನದು, ತೆಗೆದವರು ಯಾರು? ಗೊತ್ತಿಲ್ಲ ಎಂದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ. ಊರಿಗೆ ಬಂದ ಅಪರಿಚಿತರ ಮೇಲೆ ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಗ್ರೂಪಿಗಲ್ಲ.

ಅಂದು ಶಾಲೆಯ ಮುಂದೆ ಸೇರಿದ್ದ ಜನ ಪಕ್ಕದವರನ್ನು ತಿರುಗಿ ನೋಡಿ ‘ಹೌದಾ?’ ಎಂದು ಕೇಳುತ್ತಿದ್ದರು. ಪರದೆ ಅಂಗೈಗೆ ಬಂದ ಮೇಲೂ ಆ ಪ್ರಶ್ನೆ ಕೇಳಲು ಡೇಟಾ ಬೇಕಿಲ್ಲ. ಪಕ್ಕದ ಮನೆಯ ಮೇಷ್ಟರನ್ನೋ, ಕಾಲೇಜಿಗೆ ಹೋಗುವ ಹುಡುಗಿಯನ್ನೋ ಕೇಳಿದರೆ ಸಾಕು.