ವಿಮಾನ ಕಂಪನಿಯದು, ಕಲಿಕೆಯ ಸಾಲ ಪೈಲಟ್‌ನದು

ವರ್ಷಕ್ಕೊಂದು ಸಲ, ಎರಡು ವರ್ಷಕ್ಕೊಂದು ಸಲ ಊರಿಗೆ ಹೋಗಲು ವಿಮಾನ ಹತ್ತುವವರು ನಾವು. ಟಿಕೆಟ್ ರೇಟು, ಲಗೇಜ್ ಎಷ್ಟು ಕೆ.ಜಿ. ಅನ್ನೋದು ನಮಗೆ ಬಾಯಿಪಾಠ. ಆದರೆ ಮುಂದೆ ಕೂತು ವಿಮಾನ ಓಡಿಸುವವನೂ ನಮ್ಮ ಹಾಗೇ ಒಬ್ಬ ನೌಕರ ಅನ್ನೋದು ನೆನಪಿಗೆ ಬರುವುದು ಕಡಿಮೆ. ಅವರಲ್ಲಿ ಎಷ್ಟೋ ಜನ ನಮಗಿಂತ ದೊಡ್ಡ ಸಾಲ ಹೊತ್ತು ಕೆಲಸಕ್ಕೆ ಸೇರಿದವರು. ಆ ಸಾಲ ಹೇಗೆ ಹುಟ್ಟಿತು ಅನ್ನುವ ಚರಿತ್ರೆ ನಮಗೂ ಗೊತ್ತಿರಬೇಕು.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಪೈಲಟ್‌ಗೆ ಎರಡು ಥರದ ಕಲಿಕೆ ಇದೆ. ಒಂದು, ವಿಮಾನ ಹಾರಿಸುವ ಲೈಸೆನ್ಸ್. ಇದು ನಮ್ಮ ಐಟಿಐ ಸರ್ಟಿಫಿಕೇಟ್ ಇದ್ದಂತೆ, ಎಲ್ಲಿ ಹೋದರೂ ನಮ್ಮ ಜೊತೆ ಬರುತ್ತದೆ. ಎರಡನೆಯದು ಟೈಪ್ ರೇಟಿಂಗ್. ಏರ್‌ಬಸ್ 320ಕ್ಕೆ ಬೇರೆ, ಬೋಯಿಂಗ್ 737ಕ್ಕೆ ಬೇರೆ. ಲೈಸೆನ್ಸ್ ಇದೆ ಅಂತ ಯಾವ ದೊಡ್ಡ ಜೆಟ್ ಬೇಕಾದರೂ ಓಡಿಸುವ ಹಾಗಿಲ್ಲ. ಆ ಮಾದರಿಯನ್ನು ಸಿಮ್ಯುಲೇಟರ್‌ನಲ್ಲಿ ವಾರಗಟ್ಟಲೆ ಕಲಿತು ಪಾಸಾಗಬೇಕು. ಇದಕ್ಕೇ ಲಕ್ಷಾಂತರ ರೂಪಾಯಿ ಬೇಕು.

ಇದು ಸುಮ್ಮನೆ ಮಾಡಿದ ನಿಯಮ ಅಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡರು. ಏರ್‌ಬಸ್ 320 ಆಗ ನಮ್ಮ ದೇಶಕ್ಕೆ ಹೊಸದು. ಪೈಲಟ್‌ಗಳು ಅನುಭವಸ್ಥರೇ. ಆದರೆ ಇಂಜಿನ್ ಐಡಲ್‌ನಲ್ಲಿ ಉಳಿದು ವೇಗ ಇಳಿಯುತ್ತಿದ್ದದ್ದನ್ನು ಅವರು ಸಮಯಕ್ಕೆ ಗಮನಿಸಲಿಲ್ಲ ಅಂತ ವಿಚಾರಣೆ ಹೇಳಿತು. ಹಳೇ ಅನುಭವ ಎಷ್ಟಿದ್ದರೂ ಹೊಸ ಮೆಷಿನ್‌ನ ಸ್ವಭಾವ ಬೇರೆಯಾಗಿಯೇ ಕಲಿಯಬೇಕು. ಹೊಸ ಪ್ಯಾನೆಲ್ ಮುಂದೆ ನಿಂತ ಯಾವ ಎಲೆಕ್ಟ್ರಿಷಿಯನ್‌ಗೂ ಇದು ಗೊತ್ತು.

ಹಾಗಾದರೆ ಖರ್ಚು ಯಾರದು? ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಏರ್‌ಲೈನ್‌ಗಳಿಗೆ ಬಂದ ಪೈಲಟ್‌ಗಳಲ್ಲಿ ಬಹಳ ಜನ ಸೇನೆಯಿಂದ ಬಂದವರು. ಹಾರಲು ಕಲಿಸಿದ್ದು ಸರ್ಕಾರ, ತಮ್ಮ ವಿಮಾನಕ್ಕೆ ಒಗ್ಗಿಸಿದ್ದು ಕಂಪನಿ. ಜರ್ಮನಿಯ ಲುಫ್ತಾನ್ಸಾ 1956ರಲ್ಲಿ ಬ್ರೆಮೆನ್‌ನಲ್ಲಿ ತನ್ನದೇ ಶಾಲೆ ಶುರು ಮಾಡಿತು. ಇಂಡಿಯನ್ ಏರ್‌ಲೈನ್ಸ್‌ಗೆ ಹೈದರಾಬಾದಿನಲ್ಲಿ ತರಬೇತಿ ಕೇಂದ್ರ ಇತ್ತು. ಮೆಷಿನ್ ಕೊಂಡವನೇ ಅದನ್ನು ಓಡಿಸಲು ಕಲಿಸಬೇಕು ಅನ್ನುವುದು ಆಗ ಸಹಜ ರೂಢಿ.

1978ರಲ್ಲಿ ಅಮೆರಿಕ ಏರ್‌ಲೈನ್‌ಗಳ ಟಿಕೆಟ್ ದರ, ಮಾರ್ಗಗಳ ಮೇಲಿದ್ದ ಸರ್ಕಾರದ ಹಿಡಿತ ತೆಗೆಯುವ ಕಾನೂನು ಮಾಡಿತು. ಪೈಪೋಟಿ ಹೆಚ್ಚಿತು, ಟಿಕೆಟ್ ಅಗ್ಗವಾಯಿತು, ಖರ್ಚು ಎಲ್ಲಿ ಉಳಿಸೋಣ ಅಂತ ಕಂಪನಿಗಳು ಹುಡುಕಿದವು. ಸೌತ್‌ವೆಸ್ಟ್ ಏರ್‌ಲೈನ್ಸ್ ಬಹಳ ವರ್ಷ 737ರ ಟೈಪ್ ರೇಟಿಂಗ್ ಮೊದಲೇ ಮಾಡಿಕೊಂಡು ಬನ್ನಿ ಎಂದಿತು. 1990ರ ದಶಕದಲ್ಲಿ ಅಲ್ಲಿನ ಹಲವು ಸಣ್ಣ ಏರ್‌ಲೈನ್‌ಗಳು ಕೆಲಸಕ್ಕೆ ಸೇರುವವನಿಂದಲೇ ತರಬೇತಿ ದುಡ್ಡು ಪಡೆದವು. ಯುರೋಪಿನಲ್ಲಿ ರಯಾನ್‌ಏರ್‌ನಂಥ ಅಗ್ಗದ ಕಂಪನಿಗಳು ಇದೇ ದಾರಿ ಹಿಡಿದವು. ಕೆಲಸಕ್ಕೆ ಜನ ಸಾಲುಗಟ್ಟಿ ನಿಂತಿದ್ದರು, ಒಬ್ಬ ಆಗಲ್ಲ ಅಂದರೆ ಹಿಂದಿನವನು ತಯಾರು.

ಕಂಪನಿಯವರ ಮಾತಲ್ಲೂ ಹುರುಳಿಲ್ಲದೇ ಇಲ್ಲ. ನಾವು ದುಡ್ಡು ಸುರಿದು ಕಲಿಸುತ್ತೇವೆ, ಆರು ತಿಂಗಳಿಗೆ ಪಕ್ಕದ ಕಂಪನಿಗೆ ಹಾರಿಹೋಗುತ್ತಾರೆ, ಆಗ ಯಾರಿಗೆ ನಷ್ಟ ಅಂತ ಕೇಳುತ್ತಾರೆ. ಅದಕ್ಕೇ ಬಾಂಡ್ ಬಂತು. ಇಷ್ಟು ವರ್ಷ ಇರಬೇಕು, ಬಿಟ್ಟರೆ ಖರ್ಚು ಕಟ್ಟಬೇಕು. ನಮ್ಮ ಡಿಜಿಸಿಎ ಕೂಡ 2017ರಲ್ಲಿ ಕ್ಯಾಪ್ಟನ್‌ಗಳ ನೋಟಿಸ್ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿತು. ದುಡಿದಷ್ಟು ತಿಂಗಳು ಬಾಕಿ ಇಳಿಯುತ್ತಾ ಹೋದರೆ ಬಾಂಡ್ ನ್ಯಾಯವೇ. ಆದರೆ ಕಲಿಯುವಾಗಲೂ ಇವನದೇ ದುಡ್ಡು, ಕಲಿತ ಮೇಲೂ ಇವನನ್ನೇ ಕಟ್ಟಿಹಾಕುವುದು ಅಂದರೆ ಹಗ್ಗದ ಎರಡೂ ತುದಿ ಒಬ್ಬನ ಕೊರಳಿಗೆ ಬಿದ್ದ ಹಾಗೆ.

ಸಾಲ ಬರೀ ಜೇಬಿನ ವಿಷಯವೂ ಅಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್‌ನ ಸಹ ಪೈಲಟ್ ಬೇಕೆಂತಲೇ ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಬಡಿಸಿ 150 ಜನ ಸತ್ತರು. ಆತನಿಗೆ ಮಾನಸಿಕ ಕಾಯಿಲೆ ಇತ್ತು, ಅದನ್ನು ಕಂಪನಿಗೆ ಹೇಳಿರಲಿಲ್ಲ. ಸಾಲ ಇದ್ದವರೆಲ್ಲ ಹೀಗೆ ಮಾಡುತ್ತಾರೆ ಅಂತಲ್ಲ, ಹಾಗೆ ಹೇಳಿದರೆ ತಪ್ಪು. ಆದರೆ ಫ್ರಾನ್ಸಿನ ತನಿಖಾ ವರದಿ ಒಂದು ಮಾತು ದಾಖಲಿಸಿತು. ಹಾರಾಟ ಕಲಿಕೆಯ ತನ್ನ ಪಾಲು ಕಟ್ಟಲು ಆತ ಸುಮಾರು 41 ಸಾವಿರ ಯೂರೊ ಸಾಲ ಮಾಡಿದ್ದ. ಲೈಸೆನ್ಸ್ ಹೋದರೆ ಸಂಪಾದನೆ ಹೋಗುತ್ತದೆ ಅನ್ನುವ ಭಯ ಪೈಲಟ್‌ಗಳು ಕಾಯಿಲೆ ಮುಚ್ಚಿಡಲು ಒಂದು ಕಾರಣ ಆಗಬಹುದು ಅಂತಲೂ ವರದಿ ಎಚ್ಚರಿಸಿತು. ಮೆಡಿಕಲ್ ಟೆಸ್ಟ್ ಹಿಂದಿನ ರಾತ್ರಿ ನಮ್ಮ ಲೇಬರ್ ಕ್ಯಾಂಪ್‌ಗಳಲ್ಲಿ ಎಷ್ಟು ಜನಕ್ಕೆ ನಿದ್ದೆ ಬರಲ್ಲ ಅಂತ ನಮಗೆ ಗೊತ್ತಿಲ್ಲವೇ? ತಲೆ ಮೇಲೆ ಸಾಲ ಇದ್ದವನು ಬೆನ್ನುನೋವು ಹೇಳಲ್ಲ, ಸುಟ್ಟ ಕೇಬಲ್ ಕಂಡರೂ ಸೂಪರ್‌ವೈಸರ್‌ಗೆ ಎದುರು ಮಾತಾಡಲ್ಲ.

ಚರಿತ್ರೆಯಲ್ಲಿ ಇನ್ನೊಂದು ತಿರುವು ಇದೆ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೊ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಸಣ್ಣ ಏರ್‌ಲೈನ್‌ಗಳ ತರಬೇತಿ, ಸಂಬಳ, ದಣಿವು ಎಲ್ಲ ಚರ್ಚೆಗೆ ಬಂತು. 2013ರಿಂದ ಸಹ ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಹಾರಾಟ ಮತ್ತು ಟೈಪ್ ರೇಟಿಂಗ್ ಕಡ್ಡಾಯವಾಯಿತು. ಜನ ಸಿಗುವುದು ಕಷ್ಟವಾಯಿತು. ಆಗ ಅಲ್ಲಿನ ಸಣ್ಣ ಏರ್‌ಲೈನ್‌ಗಳೇ ತರಬೇತಿ ಖರ್ಚು ನಾವು ಕೊಡುತ್ತೇವೆ, ಸೇರಿದರೆ ಬೋನಸ್ಸೂ ಇದೆ ಅಂತ ಕರೆಯತೊಡಗಿದವು. ಅಂದರೆ ಖರ್ಚು ಯಾರದು ಅನ್ನುವುದನ್ನು ಇಷ್ಟು ವರ್ಷ ತೀರ್ಮಾನಿಸಿದ್ದು ನ್ಯಾಯ ಅಲ್ಲ, ಗೇಟಿನ ಹೊರಗಿನ ಕ್ಯೂ. ಕ್ಯೂ ಉದ್ದ ಇದ್ದರೆ ಕೆಲಸಗಾರ ಕೊಡುತ್ತಾನೆ, ಚಿಕ್ಕದಾದರೆ ಮಾಲೀಕ ಕೊಡುತ್ತಾನೆ.

ಅದಕ್ಕೇ ಕಾನೂನು ಬೇಕು. ನಮ್ಮ ದೇಶದ 1961ರ ಅಪ್ರೆಂಟಿಸ್ ಕಾಯಿದೆ ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಕಾರ್ಖಾನೆಯಲ್ಲಿ ಕಲಿಯುವಾಗಲೇ ಸ್ಟೈಪೆಂಡ್ ಕೊಡಿ ಅನ್ನುತ್ತದೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ ಮಾಲೀಕ ಕಾನೂನಿನಂತೆ ಕೊಡಲೇಬೇಕಾದ ತರಬೇತಿ ನೌಕರನಿಗೆ ಉಚಿತ, ಅದು ಕೆಲಸದ ಸಮಯ ಅಂತಲೇ ಲೆಕ್ಕ. ಆದರೆ ಕಲಿಸುವ ಹೊಣೆ ಮಾಲೀಕನದು ಅಂತ ಬೇರೆ ಕಾನೂನು ಹೇಳದಿದ್ದರೆ, ನೌಕರನ ವೃತ್ತಿ ಅರ್ಹತೆಯ ತರಬೇತಿ ಇದರೊಳಗೆ ಬರಲ್ಲ. ಟೈಪ್ ರೇಟಿಂಗ್ ಸಿಕ್ಕಿಕೊಳ್ಳುವುದು ಈ ಸಂದಿಯಲ್ಲೇ. ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಅನ್ನುತ್ತದೆ. ಹಾಗಿದ್ದೂ ಊರಲ್ಲಿ ಏಜೆಂಟ್‌ಗೆ ದುಡ್ಡು ಕೊಟ್ಟು ಬಂದವರು ನಮ್ಮಲ್ಲಿ ಎಷ್ಟಿಲ್ಲ? ನಾನು ಗಲ್ಫ್‌ನಲ್ಲಿ ಮೊದಲು ಸೇರಿದ ಕಂಪನಿಯಲ್ಲಿ ಸೈಟ್ ಸೇಫ್ಟಿ ಟ್ರೈನಿಂಗ್ ದುಡ್ಡನ್ನು ಮೊದಲ ಸಂಬಳದಲ್ಲೇ ಹಿಡಿದರು. ಆ ಕಾರ್ಡ್ ಆ ಸೈಟಿನ ಗೇಟ್ ಬಿಟ್ಟರೆ ಬೇರೆಲ್ಲೂ ನಡೆಯುತ್ತಿರಲಿಲ್ಲ.

ನನ್ನ ಲೆಕ್ಕ ಸರಳ. ಬದುಕೆಲ್ಲ ನನ್ನ ಜೊತೆ ಬರುವ ವಿದ್ಯೆಗೆ ನಾನು, ನಮ್ಮಪ್ಪ, ಸರ್ಕಾರ ಸೇರಿ ಕೊಡೋಣ. ನಿನ್ನ ಮೆಷಿನ್ ನಡೆಸಲಿಕ್ಕೆ ಬೇಕಾದ ಕಲಿಕೆಗೆ ನೀನು ಕೊಡು, ಬೇಕಿದ್ದರೆ ತಿಂಗಳು ತಿಂಗಳು ಇಳಿಯುವ ಬಾಂಡ್ ಬರೆಸಿಕೋ. ಲಕ್ಷ ಲಕ್ಷ ಸಂಬಳದ ಪೈಲಟ್‌ಗೂ ದಿರ್ಹಮ್ ಲೆಕ್ಕ ಹಾಕುವ ನಮಗೂ ಈ ನ್ಯಾಯ ಒಂದೇ. ಹೊಸ ಕಂಪನಿಯ ಕಾಂಟ್ರ್ಯಾಕ್ಟ್ ಕೈಗೆ ಬಂದಾಗ ಸಂಬಳದ ಸಾಲು ನೋಡಿದ ಮೇಲೆ ಟ್ರೈನಿಂಗ್ ಅನ್ನುವ ಪದ ಎಲ್ಲಿದೆ, ಅದರ ಮುಂದೆ ಯಾರ ಹೆಸರಿದೆ ಅಂತಲೂ ನೋಡಿ ಸೈನ್ ಹಾಕಿ.